ಹಳೆಯ ಕೇರಿಗಳೂ ಕಟ್ಟಡದ ಕಟ್ಟಳೆಗಳೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಮನೆ ಕಟ್ಟುವವನ ಕಷ್ಟವನ್ನು ಈ ಗಾದೆ ಚೆನ್ನಾಗಿ ಹೇಳುತ್ತದೆ. ಆದರೆ ಆ ಮನೆಯನ್ನು ಎದುರು ಜಗಲಿಯಿಂದ ದಿನವೂ ನೋಡಬೇಕಾದ ನೆರೆಯವನ ವಿಷಯವಾಗಿ ಅದು ಏನನ್ನೂ ಹೇಳುವುದಿಲ್ಲ. ಮನೆಯ ಒಳಗೋಡೆ ಯಜಮಾನನದು. ಅದಕ್ಕೆ ಅವನು ಯಾವ ಬಣ್ಣ ಬಳಿದರೂ ಯಾರೂ ಕೇಳುವಂತಿಲ್ಲ. ಹೊರಗೋಡೆಯಾದರೋ ಹಣಕ್ಕೆ ಯಜಮಾನನದಾದರೂ ನೋಟಕ್ಕೆ ಬೀದಿಯದು. ಈ ಎರಡು ಹಕ್ಕುಗಳು ಎಲ್ಲಿ ಸಂಧಿಸುತ್ತವೆಯೋ ಅಲ್ಲಿಯೇ ಕಟ್ಟಡದ ಕಟ್ಟಳೆಗಳು ಹುಟ್ಟುತ್ತವೆ. ಹೊಸ ಬಡಾವಣೆಗಳಲ್ಲಿ ಈ ಕಟ್ಟಳೆಗಳನ್ನು ನಡೆಯಿಸುವುದು ಅಷ್ಟೇನೂ ಕಷ್ಟವಲ್ಲ. ನೂರಾರು ವರ್ಷಗಳಿಂದ ಜನರು ವಾಸಿಸುತ್ತಿರುವ, ಚರಿತ್ರೆಯ ನೆನಪುಗಳಿಂದ ತುಂಬಿರುವ ಹಳೆಯ ಕೇರಿಗಳಲ್ಲಿ ಅವುಗಳನ್ನು ನಡೆಯಿಸುವುದು ಹೇಗೆ, ಹಾಗೆ ನಡೆಯಿಸುವಾಗ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದೇ ನಾವು ಈಗ ವಿಚಾರಮಾಡತಕ್ಕ ವಿಷಯ.

ಕಟ್ಟಡಗಳ ಮೇಲಣ ನಿಬಂಧನೆಗಳು ಮೊದಲು ಹುಟ್ಟಿದ್ದು ಸೌಂದರ್ಯದ ದೃಷ್ಟಿಯಿಂದಲ್ಲ, ಭಯದಿಂದ. ೧೬೬೬ರಲ್ಲಿ ಲಂಡನ್ ನಗರವು ಬೆಂಕಿಗೆ ಆಹುತಿಯಾದ ಮೇಲೆ, ಮಾರನೆಯ ವರ್ಷವೇ ಅಲ್ಲಿಯ ಪಾರ್ಲಿಮೆಂಟು ಕಾಯಿದೆಯನ್ನು ಮಾಡಿ, ಹೊಸ ಮನೆಗಳ ಹೊರಗೋಡೆಗಳೆಲ್ಲ ಇಟ್ಟಿಗೆ ಇಲ್ಲವೆ ಕಲ್ಲಿನವೇ ಆಗಿರಬೇಕೆಂದು ವಿಧಿಸಿತು; ಬೀದಿಯ ಅಗಲಕ್ಕೆ ತಕ್ಕಂತೆ ಮನೆಗಳನ್ನು ನಾಲ್ಕು ತರಗತಿಗಳಾಗಿ ವಿಂಗಡಿಸಿತು. ನಮ್ಮ ನಾಡಿನಲ್ಲಿ ಬೆಂಕಿ ಮಾಡಿದ ಕೆಲಸವನ್ನು ಪ್ಲೇಗು ಮಾಡಿತು. ೧೮೯೮ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಬೆಳೆದವು. ಮೈಸೂರು ನಗರದಲ್ಲಿ ೧೯೦೩ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಗಾಳಿ ಬೆಳಕು ಬರಬೇಕು, ಕೊಳಚೆಯ ನೀರು ಹರಿದುಹೋಗಬೇಕು, ಒಂದು ಮನೆಯ ಕೇಡು ಪಕ್ಕದ ಮನೆಗೆ ಹರಡಬಾರದು ಎಂಬ ಈ ಬಗೆಯ ಕಟ್ಟಳೆಗಳಿಗೆ ಯಾರೂ ವಿರೋಧವನ್ನು ಹೇಳಲಾರರು. ಪ್ರಾಣಭಯವೇ ಅವುಗಳ ಪರವಾಗಿ ವಾದಿಸುತ್ತದೆ.

ಹಳೆಯ ಕೇರಿಯ ರಕ್ಷಣೆಗಾಗಿ ಮಾಡುವ ಕಟ್ಟಳೆಗಳು ಈ ಜಾತಿಗೆ ಸೇರಿದವುಗಳಲ್ಲ. ಕಿಟಕಿಯ ಬಾಗಿಲು ಮರದ್ದಾಗಿರಬೇಕು, ಮಾಳಿಗೆಯ ಮೇಲೆ ಇನ್ನೊಂದು ಅಂತಸ್ತು ಏಳಕೂಡದು, ಅಂಗಡಿಯ ಹಲಗೆ ಇಂತಿಷ್ಟೇ ದೊಡ್ಡದಿರಬೇಕು ಎಂದು ಹೇಳಿದರೆ, ಮನೆಯವನು ಕೂಡಲೆ 'ಇದರಿಂದ ಯಾರ ಪ್ರಾಣ ಉಳಿಯುತ್ತದೆ?' ಎಂದು ಕೇಳುತ್ತಾನೆ. ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರವನ್ನು ಹುಡುಕಲು ನಾವು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಒಂದು ಪಟ್ಟಣಕ್ಕೆ ಹೋಗುವುದು ಒಳ್ಳೆಯದು. ಏಕೆಂದರೆ ಈ ಪ್ರಶ್ನೆಯನ್ನು ಅಲ್ಲಿಯ ಜನರು ತೊಂಬತ್ತು ವರ್ಷಗಳಷ್ಟು ಕಾಲ ಬೀದಿಯಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ಚರ್ಚಿಸಿದ್ದಾರೆ.

ಆ ಪಟ್ಟಣವೇ ಮಿಸಿಸಿಪಿ ನದಿಯ ದಡದಲ್ಲಿರುವ ನ್ಯೂ ಆರ್ಲಿಯನ್ಸ್. ಇದನ್ನು ಫ್ರೆಂಚರು ೧೭೧೮ರಲ್ಲಿ ಸ್ಥಾಪಿಸಿದರು. ೧೭೨೧ರಲ್ಲಿ ಅವರ ಇಂಜಿನಿಯರೊಬ್ಬನು ಹಾಕಿಕೊಟ್ಟ ಚದುರಂಗದ ಮಣೆಯಂಥ ಬೀದಿಗಳು ಇಂದಿಗೂ ಹಾಗೆಯೇ ಇವೆ. ಮೂಲ ಪಟ್ಟಣದ ಈ ಭಾಗಕ್ಕೆ ಫ್ರೆಂಚರ ಮಾತಿನಲ್ಲಿ ವ್ಯೂ ಕಾರೆ, ಅಂದರೆ ಹಳೆಯ ಚೌಕ, ಎಂದು ಹೆಸರು. ಜನಸಾಮಾನ್ಯರು ಅದನ್ನು ಫ್ರೆಂಚ್ ಕ್ವಾರ್ಟರ್ ಎಂದು ಕರೆಯುತ್ತಾರೆ. ಅದರ ವಿಸ್ತೀರ್ಣ ಸುಮಾರು ಅರ್ಧ ಚದರ ಮೈಲಿ ಮಾತ್ರ. ಹೆಸರು ಫ್ರೆಂಚರದಾದರೂ ಅಲ್ಲಿ ಕಾಣುವ ಮನೆಗಳಲ್ಲಿ ಫ್ರೆಂಚರ ಕಾಲದವು ಬಹಳ ಕಡಿಮೆ. ಊರು ಸ್ಪೇನಿನ ಆಳ್ವಿಕೆಯಲ್ಲಿದ್ದಾಗ, ೧೭೮೮ರಲ್ಲಿ ಒಂದು ಬೆಂಕಿ ಬಿದ್ದು ಎಂಟುನೂರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟುಹೋದವು. ೧೭೯೪ರಲ್ಲಿ ಮತ್ತೊಂದು ಬೆಂಕಿ ಬಿದ್ದು ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ಆಮೇಲೆ ಸ್ಪೇನಿನ ಅಧಿಕಾರಿಗಳು ಇಟ್ಟಿಗೆಯ ಗೋಡೆ, ಹೆಂಚಿನ ಮಾಡು ಎಂದು ಕಟ್ಟಳೆಮಾಡಿದರು. ೧೮೦೩ರಲ್ಲಿ ಆ ಪ್ರಾಂತವನ್ನು ಅಮೆರಿಕಾದವರು ಕೊಂಡುಕೊಂಡರು. ಬೀದಿಯ ಮೇಲಕ್ಕೆ ಚಾಚಿಕೊಂಡಿರುವ ಎರಕದ ಕಬ್ಬಿಣದ ಮೊಗಸಾಲೆಗಳು ಹತ್ತೊಂಬತ್ತನೆಯ ಶತಮಾನದ ನಡುಭಾಗದವು. ಮಿಕಾಯೆಲಾ ಪೊಂಟಾಲ್ಬಾ ಎಂಬ ಶ್ರೀಮಂತ ಮಹಿಳೆ ೧೮೫೦ರ ಸುಮಾರಿಗೆ ದೊಡ್ಡ ಚೌಕದ ಎರಡು ಪಕ್ಕಗಳಲ್ಲಿ ಕಟ್ಟಿಸಿದ ಸಾಲುಮನೆಗಳ ಕಟಾಂಜನದಲ್ಲಿ ಆಕೆಯ ವಂಶದ ಮೊದಲಕ್ಷರಗಳು ಈಗಲೂ ಕಾಣುತ್ತವೆ. ಹೀಗೆ ಬೆಂಕಿಯ ಭಯದಿಂದ ಹುಟ್ಟಿದ ಕಟ್ಟಳೆಯೇ ಮುಂದೆ ಊರಿನ ಚೆಲುವಾಯಿತು. ಒಂದು ತಲೆಮಾರಿನ ಎಚ್ಚರಿಕೆ ಇನ್ನೊಂದು ತಲೆಮಾರಿನ ಆಸ್ತಿಯಾಗುವುದುಂಟೆಂಬುದಕ್ಕೆ ಇದೊಂದು ನಿದರ್ಶನ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕೇರಿಯ ಸ್ಥಿತಿ ಶೋಚನೀಯವಾಗಿತ್ತು. ಸಿರಿವಂತರು ಹೊಸ ಬಡಾವಣೆಗಳಿಗೆ ಹೊರಟುಹೋಗಿದ್ದರು. ಇಟಲಿಯ ಸಿಸಿಲಿಯಿಂದ ವಲಸೆ ಬಂದ ಬಡ ಸಂಸಾರಗಳು ಹಳೆಯ ದೊಡ್ಡ ಮನೆಗಳಲ್ಲಿ ಒತ್ತೊತ್ತಾಗಿ ವಾಸಿಸುತ್ತಿದ್ದುವು. ಸರ್ಕಾರವೇ ನ್ಯಾಯಾಲಯದ ಹೊಸ ಕಟ್ಟಡಕ್ಕಾಗಿ ಒಂದು ಇಡೀ ಚೌಕದ ಮನೆಗಳನ್ನು ಕೆಡವಿತು. ಆ ಅಮೃತಶಿಲೆಯ ಭವನ ೧೯೧೦ರಲ್ಲಿ ಮುಗಿಯಿತು. ೧೯೧೯ರಲ್ಲಿ ಪ್ರಸಿದ್ಧವಾದ ಫ್ರೆಂಚ್ ಆಪೆರಾ ಮಂದಿರ ಸುಟ್ಟುಹೋಯಿತು. ಇನ್ನು ಸುಮ್ಮನಿದ್ದರೆ ಏನೂ ಉಳಿಯದೆಂದು ಕೆಲವರಿಗೆ ಅರಿವಾಯಿತು. ೧೯೨೫ರಲ್ಲಿ ಪೌರಸಭೆಯು ಒಂದು ಮಂಡಲಿಯನ್ನು ನೇಮಿಸಿತು. ಆದರೆ ಅದಕ್ಕೆ ಸಲಹೆ ಹೇಳುವ ಬಾಯಿ ಇತ್ತೇ ಹೊರತು ತಡೆಯುವ ಕೈ ಇರಲಿಲ್ಲ. ಎಲಿಜಬೆತ್ ವರ್ಲೈನ್ ಮೊದಲಾದವರು ಪಟ್ಟುಹಿಡಿದು ದುಡಿದದ್ದರಿಂದ, ೧೯೩೬ರಲ್ಲಿ ಲೂಯಿಸಿಯಾನಾ ಸಂಸ್ಥಾನದ ರಾಜ್ಯಾಂಗಕ್ಕೇ ತಿದ್ದುಪಡಿಯಾಗಿ ವ್ಯೂ ಕಾರೆ ಕಮಿಷನ್ನಿಗೆ ಅಧಿಕಾರ ದೊರೆಯಿತು. ೧೯೩೭ರಲ್ಲಿ ಪೌರಸಭೆ ಅದಕ್ಕೆ ತಕ್ಕ ಕಟ್ಟಳೆಯನ್ನು ಮಾಡಿತು. ಇದಕ್ಕೆ ಮೊದಲು ಆ ದೇಶದಲ್ಲಿ ಚಾರ್ಲ್ಸ್ಟನ್ ಪಟ್ಟಣವು ೧೯೩೧ರಲ್ಲಿ ತನ್ನ ಹಳೆಯ ಭಾಗಕ್ಕೆ ಇಂಥದೊಂದು ಏರ್ಪಾಡನ್ನು ಮಾಡಿಕೊಂಡಿತ್ತು.

ಅಧಿಕಾರ ಬಂದೊಡನೆ ಅದರ ಮೇರೆಯ ಪ್ರಶ್ನೆಯೂ ಬಂದಿತು. ಆ ಕೇರಿಯಲ್ಲಿ ಒಬ್ಬನಿಗೆ ಪೆಟ್ರೋಲು ಮಾರುವ ಅಂಗಡಿ ಇತ್ತು. ಅವನು ಕಟ್ಟಳೆಗೆ ಮೀರಿದ ದೊಡ್ಡ ಹಲಗೆಯೊಂದನ್ನು ಹಾಕಿಸಿದನು. ಅವನ ವಾದ ಸರಳವಾಗಿತ್ತು: 'ಕಾನೂನು ಇರುವುದು ಹಳೆಯ ಕಟ್ಟಡಗಳ ರಕ್ಷಣೆಗೆ. ನನ್ನ ಕಟ್ಟಡ ಹೊಸದು; ಅದರಲ್ಲಿ ಕೆಡುವಂಥ ಚರಿತ್ರೆಯೇನೂ ಇಲ್ಲ. ನನ್ನನ್ನೇಕೆ ಕಟ್ಟಿಹಾಕುತ್ತೀರಿ?' ೧೯೪೧ರಲ್ಲಿ ಆ ಸಂಸ್ಥಾನದ ಶ್ರೇಷ್ಠ ನ್ಯಾಯಸ್ಥಾನವು ಈ ವಾದವನ್ನು ಒಪ್ಪಲಿಲ್ಲ. ರಕ್ಷಣೆಗೆ ಪಾತ್ರವಾದದ್ದು ಬಿಡಿ ಕಟ್ಟಡಗಳು ಮಾತ್ರವಲ್ಲ, ಇಡೀ ಕೇರಿಯ ಸಮಗ್ರ ಸ್ವರೂಪ ಎಂದು ಅದು ತೀರ್ಮಾನಿಸಿತು. ಈ ಸಮಗ್ರ ಸ್ವರೂಪವನ್ನು ಸೂಚಿಸುವುದಕ್ಕೆ ನ್ಯಾಯಾಧೀಶರು ಒಂದು ಫ್ರೆಂಚ್ ಮಾತನ್ನೇ ಬಳಸಿದರು. ಆ ಮಾತು ಇಂದಿಗೂ ಆ ಊರಿನ ವ್ಯವಹಾರದಲ್ಲಿ ನಿಂತಿದೆ. ತೋರಣದಲ್ಲಿ ಒಂದು ಎಲೆ ಮಾವಿನದಲ್ಲದಿದ್ದರೆ ಆ ಎಲೆಯೊಂದಕ್ಕೇ ಕುಂದಲ್ಲ, ತೋರಣಕ್ಕೆ ಕುಂದು. ಹೊಸ ಕಟ್ಟಡದವನೂ ಹಳೆಯ ಬೀದಿಯಲ್ಲಿ ವ್ಯಾಪಾರಮಾಡುವುದರಿಂದ ಬರುವ ಲಾಭವನ್ನು ಉಣ್ಣುತ್ತಾನೆ. ಆದ್ದರಿಂದ ಬೀದಿಯ ಮರ್ಯಾದೆಯನ್ನು ಕಾಯುವ ಭಾರದಲ್ಲಿಯೂ ಅವನಿಗೆ ಪಾಲುಂಟು. 'ಇದರಿಂದ ಯಾರ ಪ್ರಾಣ ಉಳಿಯುತ್ತದೆ?' ಎಂಬ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಪ್ರಾಣವಲ್ಲದಿದ್ದರೂ ಊರಿನ ಜನರೆಲ್ಲರೂ ಕೂಡಿ ಅನುಭವಿಸುವ ಒಂದು ಸ್ವತ್ತು ಉಳಿಯುತ್ತದೆ. ಅದು ಒಮ್ಮೆ ಹೋದರೆ ಹಣ ಕೊಟ್ಟು ಮತ್ತೆ ತರುವಂಥದಲ್ಲ.

ಕಮಿಷನ್ನಿನ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ನೋಡೋಣ. ಕೇರಿಯ ಪ್ರತಿಯೊಂದು ಕಟ್ಟಡಕ್ಕೂ ಬಣ್ಣದ ಹೆಸರಿನಿಂದ ಒಂದು ದರ್ಜೆಯುಂಟು. ಇಡೀ ರಾಷ್ಟ್ರಕ್ಕೇ ಮಹತ್ತ್ವದ ಕಟ್ಟಡಗಳು ನೇರಿಳೆಯ ದರ್ಜೆಯವು. ಅನಂತರ ನೀಲಿ, ಹಸುರು, ಹೀಗೆ ಇಳಿಯುತ್ತ ಬಂದು, ಬೀದಿಯ ಸ್ವರೂಪಕ್ಕೆ ಹೊಂದದ ಕಟ್ಟಡಗಳಿಗೆ ಕಂದು ಬಣ್ಣ. ಹೊರಭಾಗದಲ್ಲಿ ಏನನ್ನಾದರೂ ಬದಲಾಯಿಸಬೇಕಾದರೆ ಮನೆಯವನು ಅರ್ಜಿ ಕೊಡಬೇಕು. ಚಿಕ್ಕ ಕೆಲಸಗಳನ್ನು ನೌಕರರೇ ಪರೀಕ್ಷಿಸಿ ಒಪ್ಪಿಗೆ ಕೊಡುತ್ತಾರೆ. ದೊಡ್ಡವು ಶಿಲ್ಪಜ್ಞರ ಸಮಿತಿಗೂ ಅಲ್ಲಿಂದ ಕಮಿಷನ್ನಿಗೂ ಹೋಗುತ್ತವೆ. ತೀರ್ಪು ಒಪ್ಪಿಗೆಯಾಗದಿದ್ದರೆ ಪೌರಸಭೆಗೆ ಅಪೀಲು ಮಾಡಿಕೊಳ್ಳಬಹುದು. ಮನೆಯ ಒಳಭಾಗದ ಗೊಡವೆಗೆ ಕಮಿಷನ್ನು ಹೋಗುವುದಿಲ್ಲ.

ಕೆಲವು ನಿಬಂಧನೆಗಳು ಮೊದಲ ನೋಟಕ್ಕೆ ಅತಿಸೂಕ್ಷ್ಮವೆಂದು ತೋರಬಹುದು. ಉದಾಹರಣೆಗೆ, ಗೋಡೆಯ ಇಟ್ಟಿಗೆಗಳ ಸಂದುಗಳಿಗೆ ಸಿಮೆಂಟನ್ನು ತುಂಬಕೂಡದು, ಸುಣ್ಣದ ಗಾರೆಯನ್ನೇ ತುಂಬಬೇಕೆಂಬುದು. ಇದರ ಹಿಂದೆ ಕಾರಣವಿದೆ. ಆ ಊರಿನ ಹಳೆಯ ಇಟ್ಟಿಗೆ ಮೆದು. ನೆಲದಿಂದಲೂ ಮಳೆಯಿಂದಲೂ ಗೋಡೆಗೆ ಸೇರಿದ ತೇವವು ಮೆದುವಾದ ಸುಣ್ಣದ ಸಂದುಗಳ ಮೂಲಕ ಹೊರಕ್ಕೆ ಹೋಗುತ್ತದೆ. ಸಂದಿನಲ್ಲಿ ಗಟ್ಟಿಯಾದ ಸಿಮೆಂಟು ಕುಳಿತರೆ ತೇವಕ್ಕೆ ದಾರಿ ತಪ್ಪಿ, ಅದು ಇಟ್ಟಿಗೆಯ ಮೂಲಕವೇ ಹೊರಡಬೇಕಾಗುತ್ತದೆ. ಕೆಲವು ವರ್ಷಗಳಲ್ಲಿ ಇಟ್ಟಿಗೆಯ ಮುಖ ಪುಡಿಪುಡಿಯಾಗಿ ಉದುರುತ್ತದೆ. ಸುಣ್ಣದ ಗಾರೆ ಸವೆದರೆ ಮತ್ತೆ ತುಂಬಬಹುದು. ಇಟ್ಟಿಗೆ ಸವೆದರೆ ಗೋಡೆಯೇ ಹೋಯಿತು. ನಮ್ಮ ಹಳೆಯ ಗಾರೆಯ ಮನೆಗಳನ್ನು ದುರಸ್ತಿಮಾಡಿಸುವವರು ಗಮನದಲ್ಲಿಡತಕ್ಕ ವಿಷಯವಿದು. ಇಂಥ ಕಟ್ಟಳೆಯ ಕಾರಣವನ್ನು ಮನೆಯವನಿಗೆ ತಿಳಿಯಹೇಳಿದರೆ ಅವನು ಅದನ್ನು ತಾನಾಗಿ ಪಾಲಿಸುತ್ತಾನೆ. ಕಾರಣವನ್ನು ಹೇಳದೆ ದಂಡವನ್ನು ಮಾತ್ರ ಹೇಳಿದರೆ ಅವನು ರಾತ್ರಿಯ ಹೊತ್ತು ಕೆಲಸ ಮಾಡಿಸಿಕೊಳ್ಳುತ್ತಾನೆ.

ಅಪ್ಪಣೆಯಿಲ್ಲದೆ ಕಟ್ಟುವವನನ್ನು ಹಿಡಿಯುವುದು ಸುಲಭ. ಏನೂ ಮಾಡದೆ ಸುಮ್ಮನಿರುವವನನ್ನು ಹಿಡಿಯುವುದು ಕಷ್ಟ. ಹಳೆಯ ಕೇರಿಗಳಿಗೆ ಹೆಚ್ಚಿನ ಅಪಾಯ ಈ ಸುಮ್ಮನಿರುವಿಕೆಯಿಂದಲೇ ಬರುತ್ತದೆ. ಮನೆಯನ್ನು ಕೆಡವಲು ಅಪ್ಪಣೆ ಸಿಕ್ಕದಿದ್ದಾಗ ಯಜಮಾನನು ಮಾಡಿನ ಒಂದು ದೋಣಿ ಒಡೆದದ್ದನ್ನು ಹಾಗೆಯೇ ಬಿಡುತ್ತಾನೆ. ನೀರು ತೊಲೆಗೆ ಇಳಿಯುತ್ತದೆ. ನೆನೆದ ತೊಲೆಗೆ ಗೆದ್ದಲು ಬರುತ್ತದೆ. ಎರಡನೆಯ ಮಹಾಯುದ್ಧದ ತರುವಾಯ ಪೂರ್ವದೇಶಗಳಿಂದ ಹಡಗಿನ ಸಾಮಾನುಗಳೊಡನೆ ಬಂದ ಒಂದು ಜಾತಿಯ ಗೆದ್ದಲು ಆ ಊರಿನ ಮರದ ಕೆಲಸಕ್ಕೆ ಹಿಡಿದ ಶನಿಯೇ ಆಗಿದೆ. ಐದಾರು ಮಳೆಗಾಲ ಕಳೆದ ಮೇಲೆ ಯಜಮಾನನು ಬಂದು, 'ಕಟ್ಟಡ ಅಪಾಯಕರವಾಗಿದೆ, ಕೆಡವಲು ಅಪ್ಪಣೆ ಕೊಡಿ' ಎಂದು ಕೇಳುತ್ತಾನೆ. ಆಗ ಅವನ ಮಾತು ನಿಜವೂ ಆಗಿರುತ್ತದೆ! ಆದಕಾರಣ ನ್ಯೂ ಆರ್ಲಿಯನ್ಸಿನ ಕಟ್ಟಳೆಯು ಮನೆಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಕರ್ತವ್ಯವನ್ನು ಯಜಮಾನನ ಮೇಲೆ ಹೊರಿಸಿತು.

ಇದು ಅತಿಯಾಯಿತೆಂಬ ಮೊಕದ್ದಮೆಯೂ ನಡೆಯಿತು. ಕಾನೂನಿನ ಗ್ರಂಥಗಳಲ್ಲಿ ಮಾಹರ್ ಮೊಕದ್ದಮೆಯೆಂದು ಅದಕ್ಕೆ ಹೆಸರು. ಡುಮೇನ್ ಬೀದಿಯಲ್ಲಿದ್ದ ವಿಕ್ಟೋರಿಯಾ ಕಾಲದ ರೀತಿಯ ಒಂದು ಚಿಕ್ಕ ಮನೆಯನ್ನು ಕೆಡವಿ, ಅಲ್ಲಿ ಬಾಡಿಗೆಯ ಬಿಡಾರಗಳನ್ನು ಕಟ್ಟಬೇಕೆಂಬುದು ಯಜಮಾನನ ಆಸೆ. ಅಪ್ಪಣೆ ದೊರೆಯಲಿಲ್ಲ. ತನ್ನ ಆಸ್ತಿಯನ್ನು ಪರಿಹಾರವಿಲ್ಲದೆ ಕಸಿದುಕೊಂಡಂತಾಯಿತೆಂದು ಅವನು ಸಂಯುಕ್ತ ಸಂಸ್ಥಾನಗಳ ನ್ಯಾಯಸ್ಥಾನದಲ್ಲಿ ದೂರಿಕೊಂಡನು. ೧೯೭೫ರಲ್ಲಿ ಅಪೀಲಿನ ನ್ಯಾಯಸ್ಥಾನವು ಪೌರಸಭೆಯ ಪಕ್ಷವನ್ನು ಎತ್ತಿಹಿಡಿಯಿತು. ಆಸ್ತಿಯಿಂದ ಬರಬಹುದಾದ ಅತ್ಯಧಿಕ ಲಾಭವನ್ನು ಪಡೆಯುವ ಹಕ್ಕು ಯಾರಿಗೂ ಇಲ್ಲ. ಅದನ್ನು ನ್ಯಾಯವಾಗಿ ಉಪಯೋಗಿಸಿಕೊಳ್ಳಲು ದಾರಿಯಿದ್ದರೆ ಸಾಕು. ರಿಪೇರಿಯ ಖರ್ಚನ್ನು ಯಜಮಾನನ ಮೇಲೆ ಹೊರಿಸಿದ್ದರಿಂದ ಮಾತ್ರ ಕಟ್ಟಳೆ ಅನ್ಯಾಯದ್ದಾಗುವುದಿಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ. ಕಾನೂನಿನ ಮಟ್ಟಿಗೆ ಇದು ಸರಿಯಾದ ಮಾತು. ಆದರೆ ಬಾಡಿಗೆಯ ಬಿಡಾರಗಳನ್ನು ಕಟ್ಟಬಲ್ಲ ಯಜಮಾನನೂ, ಪೆನ್ಷನ್ ಹಣದಿಂದ ಹೊಟ್ಟೆ ಹೊರೆಯುವ ವಿಧವೆಯೂ ಒಂದೇ ಕಟ್ಟಳೆಗೆ ಒಳಪಟ್ಟವರು. ಅವನಿಗೆ ಅದು ಲಾಭದಲ್ಲಿ ಸ್ವಲ್ಪ ಕಡಿತ. ಅವಳಿಗೆ ಮಾಡಿನ ರಿಪೇರಿಯೆಂದರೆ ಮನೆಯನ್ನೇ ಮಾರುವ ಪ್ರಮೇಯ. ಈ ಭೇದವನ್ನು ನ್ಯಾಯಸ್ಥಾನ ನೋಡಲಾರದು, ಊರು ನೋಡಬೇಕು.

ಕಟ್ಟಳೆಯನ್ನು ನಡೆಯಿಸುವವರಿಗೆ ಎದುರಾಗುವ ಇನ್ನೊಂದು ತೊಡಕು ಸಮಾನತೆಯದು. ತಪ್ಪು ಮಾಡಿದವನನ್ನು ಹಿಡಿದಾಗ ಅವನು ಮೊದಲು ಆಡುವ ಮಾತು, 'ಪಕ್ಕದವನು ಮಾಡಿದಾಗ ಎಲ್ಲಿ ಹೋಗಿದ್ದಿರಿ?' ಎಂಬುದು. ೧೯೭೨ರಲ್ಲಿ ನ್ಯೂ ಆರ್ಲಿಯನ್ಸಿನ ಪೌರಸಭೆಯು ಹಳೆಯ ಕೇರಿಯಲ್ಲಿ ತಳ್ಳುಗಾಡಿಗಳಲ್ಲಿ ತಿಂಡಿ ಮಾರುವುದನ್ನು ನಿಲ್ಲಿಸಿತು. ಆದರೆ ಎಂಟು ವರ್ಷಗಳಿಂದ ಅಥವಾ ಅದಕ್ಕಿಂತ ಹೆಚ್ಚು ಕಾಲದಿಂದ ಮಾರುತ್ತಿದ್ದವರಿಗೆ ವಿನಾಯಿತಿ ಕೊಟ್ಟಿತು. ಎರಡು ವರ್ಷ ಮಾತ್ರ ವ್ಯಾಪಾರ ಮಾಡಿದ್ದ ಒಬ್ಬ ಹೆಂಗಸಿಗೆ ಹೊಟ್ಟೆಯ ದಾರಿ ತಪ್ಪಿತು. ೧೯೭೬ರಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಸ್ಥಾನವು, ಪೌರಸಭೆ ಒಂದೊಂದೇ ಹೆಜ್ಜೆಯಾಗಿ ಮುಂದುವರಿಯಬಹುದು, ಹಳಬರು ಕೇರಿಯ ಸ್ವರೂಪದ ಒಂದು ಭಾಗವೇ ಆಗಿಹೋಗಿದ್ದಾರೆಂದು ಅದು ಭಾವಿಸಿದ್ದರಲ್ಲಿ ತಪ್ಪಿಲ್ಲ ಎಂದಿತು. ಈ ತೀರ್ಪನ್ನು ಓದಿದಾಗ ನಮ್ಮ ಮನಸ್ಸು ಎರಡು ಕಡೆಗೆ ಎಳೆಯುತ್ತದೆ. ಬೀದಿಯ ವ್ಯಾಪಾರಿಯೂ ಬೀದಿಯ ಚರಿತ್ರೆಯ ಅಂಗವೆಂದು ನ್ಯಾಯಸ್ಥಾನವೇ ಒಪ್ಪಿದ್ದು ಸಂತೋಷದ ಸಂಗತಿ. ಎಂಟು ವರ್ಷದವನು ಚರಿತ್ರೆ, ಎರಡು ವರ್ಷದವಳು ಕಸ ಎಂಬ ವಿಂಗಡಣೆ ಮಾತ್ರ ಗಂಟಲಿನಲ್ಲಿ ಇಳಿಯುವುದಿಲ್ಲ.

ಇಷ್ಟೆಲ್ಲ ಕಾವಲಿನಿಂದ ಕೇರಿ ಉಳಿಯಿತೆ? ಗೋಡೆಗಳು ಉಳಿದವು. ನದಿಯ ದಡದಲ್ಲಿ ಕಂಬಗಳ ಮೇಲೆ ಎತ್ತರಿಸಿದ ಮೋಟಾರು ಹೆದ್ದಾರಿಯನ್ನು ಕಟ್ಟುವ ಯೋಜನೆಯನ್ನು, ಊರಿನವರು ವರ್ಷಗಟ್ಟಲೆ ಹೋರಾಡಿದ ಮೇಲೆ, ೧೯೬೯ರಲ್ಲಿ ಕೇಂದ್ರ ಸರ್ಕಾರವು ಕೈಬಿಟ್ಟಿತು. ಹೊಸ ಹೋಟೆಲುಗಳಿಗೂ ಅದೇ ವರ್ಷ ತಡೆ ಬಂದಿತು. ಆದರೆ ೧೯೪೦ರಲ್ಲಿ ಆ ಕೇರಿಯಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರು ವಾಸಿಸುತ್ತಿದ್ದರು. ೨೦೧೦ರ ಹೊತ್ತಿಗೆ ಆ ಸಂಖ್ಯೆ ನಾಲ್ಕು ಸಾವಿರಕ್ಕೆ ಇಳಿದಿತ್ತು. ಕೇರಿ ಚೆನ್ನಾಗಿ ಕಂಡಷ್ಟೂ ಅದನ್ನು ನೋಡಲು ಬರುವವರು ಹೆಚ್ಚಿದರು. ಬರುವವರು ಹೆಚ್ಚಿದಷ್ಟೂ ಮನೆಗಳ ಬೆಲೆ ಏರಿತು. ಬೆಲೆ ಏರಿದಷ್ಟೂ ದಿನಸಿಯ ಅಂಗಡಿ ಹೋಗಿ ಮದ್ಯದ ಅಂಗಡಿಯೂ ಆಟಿಕೆಯ ಅಂಗಡಿಯೂ ಬಂದವು. ೨೦೧೭ರಲ್ಲಿ ಜಾರಿಗೆ ಬಂದ ನಿಬಂಧನೆಯೊಂದು ಮನೆಗಳನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ಕೊಡುವುದನ್ನು ಈ ಕೇರಿಯ ಬಹುಭಾಗದಲ್ಲಿ ನಿಷೇಧಿಸಿತು. ಗೋಡೆಯನ್ನು ಕಾಯುವ ಕಟ್ಟಳೆಗೆ ಗೋಡೆಯ ಹಿಂದಿನ ಸಂಸಾರವನ್ನು ಕಾಯುವ ಶಕ್ತಿಯಿಲ್ಲವೆಂದು ಊರಿನವರಿಗೆ ಮನದಟ್ಟಾದುದರ ಗುರುತು ಇದು.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ನಮ್ಮಲ್ಲಿ ಪ್ರಾಚೀನ ಸ್ಮಾರಕಗಳ ಕಾಯಿದೆ ಮೊದಲು ಬಂದದ್ದು ೧೯೦೪ರಲ್ಲಿ. ಸ್ವತಂತ್ರ ಭಾರತದ ಕಾಯಿದೆ ೧೯೫೮ರದು. ೧೯೯೨ರ ಆಜ್ಞೆಯೊಂದರಿಂದಲೂ, ೨೦೧೦ರ ತಿದ್ದುಪಡಿಯಿಂದಲೂ, ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ ೧೦೦ ಮೀಟರು ನಿಷಿದ್ಧ ಪ್ರದೇಶ. ಅದರಾಚೆ ಮತ್ತೆ ೨೦೦ ಮೀಟರು ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡವೇ ಕೂಡದು. ಇರುವ ಮನೆಯ ರಿಪೇರಿಗೂ ಅಪ್ಪಣೆ ಬೇಕು. ನ್ಯೂ ಆರ್ಲಿಯನ್ಸಿನ ಕಟ್ಟಳೆ ಕಟ್ಟಡದ ಗುಣವನ್ನು ಕೇಳುತ್ತದೆ. ನಮ್ಮದು ಮುಖ್ಯವಾಗಿ ದೂರವನ್ನು ಅಳೆಯುತ್ತದೆ. ಅಳತೆಯ ಹಗ್ಗಕ್ಕೆ ಪಕ್ಷಪಾತವಿಲ್ಲವೆಂಬುದು ಇದರ ಗುಣ. ಆದರೆ ವಿಜಯಪುರ, ಶ್ರೀರಂಗಪಟ್ಟಣಗಳಂಥ ಊರುಗಳಲ್ಲಿ, ಸ್ಮಾರಕಗಳ ನಡುವೆಯೇ ಜನರು ತಲೆತಲಾಂತರದಿಂದ ಬಾಳುತ್ತಿರುವಾಗ, ಹಗ್ಗವು ಹೆಂಚಿನ ಹಳೆಯ ಮನೆಯನ್ನೂ ಗಾಜಿನ ಹೊಸ ಹೋಟೆಲನ್ನೂ ಒಂದೇ ರೀತಿಯಲ್ಲಿ ಅಳೆಯುತ್ತದೆ. ಪ್ರತಿಯೊಂದು ಸ್ಮಾರಕಕ್ಕೂ ಅದರದರ ಸನ್ನಿವೇಶಕ್ಕೆ ತಕ್ಕ ಉಪವಿಧಿಗಳನ್ನು ರಚಿಸಬೇಕೆಂದು ೨೦೧೦ರ ಕಾಯಿದೆಯೇ ಹೇಳಿರುವುದು ಈ ಕೊರತೆಯನ್ನು ಅರಿತೇ ಇರಬೇಕು.

ಹಂಪೆಯ ಕಥೆ ನಮಗೆಲ್ಲ ಹತ್ತಿರದ್ದು. ವಿರೂಪಾಕ್ಷನ ಗುಡಿಯ ಮುಂದೆ, ಮಾತಂಗಪರ್ವತದ ಬುಡದ ಎದುರುಬಸವಣ್ಣನವರೆಗೆ ಹರಡಿರುವ ಬಜಾರಿನ ಬೀದಿಯನ್ನೂ ಅದರ ಮನೆಗಳನ್ನೂ ಪೋರ್ಚುಗಲ್ಲಿನ ದೊಮಿಂಗೊ ಪಾಯೆಸ್ ೧೫೨೦ರ ಸುಮಾರಿಗೆ ಕಂಡು ಮೆಚ್ಚಿ ಬರೆದನು. ೧೫೬೫ರಲ್ಲಿ ರಾಜಧಾನಿ ಹಾಳಾದರೂ ದೇವರ ಪೂಜೆ ನಿಲ್ಲಲಿಲ್ಲ. ಮುಂದೆ ಆ ಬೀದಿಯ ಕಲ್ಲುಮಂಟಪಗಳಲ್ಲಿ ಸಂಸಾರಗಳು ನೆಲೆಸಿದವು. ಅಂಗಡಿಗಳು, ಊಟದ ಮನೆಗಳು, ತಂಗುವ ಕೊಠಡಿಗಳು ಬೆಳೆದವು. ೧೯೮೬ರಲ್ಲಿ ಹಂಪೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ೧೯೯೯ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಅದಕ್ಕೆ ಮುಖ್ಯ ಕಾರಣ ಬಡವರ ಗುಡಿಸಲುಗಳಲ್ಲ, ತುಂಗಭದ್ರೆಗೆ ಅಡ್ಡಲಾಗಿ ಕಟ್ಟಲು ಹೊರಟ ಸೇತುವೆಗಳು. ೨೦೦೨ರ ಕಾಯಿದೆಯಿಂದ ಒಂದು ನಿರ್ವಹಣಾ ಪ್ರಾಧಿಕಾರ ಏರ್ಪಟ್ಟಿತು. ೨೦೦೬ರಲ್ಲಿ ಹಂಪೆಯ ಹೆಸರು ಅಪಾಯದ ಪಟ್ಟಿಯಿಂದ ಹೊರಬಂದಿತು. ಆನೆಗೊಂದಿಯ ಕಡೆಯ ಸೇತುವೆಯಾದರೋ, ೨೦೦೯ರ ಜನವರಿಯಲ್ಲಿ, ಕಟ್ಟುತ್ತಿರುವಾಗಲೇ ಕುಸಿದುಬಿದ್ದು ಕೆಲಸಗಾರರ ಪ್ರಾಣಗಳನ್ನು ಕಳೆಯಿತು.

೨೦೧೧ರ ಜುಲೈ ೨೯ರಂದು ಬಜಾರಿನ ಮನೆ ಅಂಗಡಿಗಳನ್ನು ಯಂತ್ರಗಳಿಂದ ತೆರವುಮಾಡಲಾಯಿತು. ಮಂಟಪಗಳಿಗೆ ಒತ್ತಿಕೊಂಡಿದ್ದ ಗೋಡೆಗಳು ಸ್ಮಾರಕಕ್ಕೆ ಹಾನಿ ಮಾಡುತ್ತಿದ್ದವೆಂಬುದು ಒಪ್ಪತಕ್ಕ ಮಾತೇ. ಮುನ್ಸೂಚನೆ ತೀರ ಕಡಮೆಯಾಯಿತೆಂದು ಅಲ್ಲಿಯವರು ದೂರಿಕೊಂಡರು. ನೂರಾರು ಸಂಸಾರಗಳ ಜೀವನ ಒಂದು ಬೆಳಗಿನಲ್ಲಿ ಬದಲಾಯಿತು. ಅವರಿಗಾಗಿ ಕಡ್ಡಿರಾಂಪುರದಲ್ಲಿ ನೆಲೆಯನ್ನು ಗೊತ್ತುಮಾಡುವ ಕೆಲಸ ಮಾತ್ರ ಯಂತ್ರಗಳ ವೇಗದಲ್ಲಿ ನಡೆಯಲಿಲ್ಲ. ಹೊಳೆಯಾಚೆಯ ವಿರುಪಾಪುರ ಗಡ್ಡೆಯಲ್ಲಿ ಇದೇ ಪಾಠ ಬೇರೊಂದು ಬಗೆಯಲ್ಲಿ ನಡೆಯಿತು. ೧೯೮೮ರಲ್ಲಿಯೇ ರಕ್ಷಿತವೆಂದು ಸಾರಿದ್ದ ಪ್ರದೇಶದಲ್ಲಿ ವಸತಿಗೃಹಗಳು ಒಂದರ ಪಕ್ಕಕ್ಕೊಂದು ಎದ್ದವು. ವ್ಯಾಜ್ಯ ವರ್ಷಗಟ್ಟಲೆ ನಡೆದು, ೨೦೨೦ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮಾರನೆಯ ತಿಂಗಳು ಅವುಗಳನ್ನು ಕೆಡವಲಾಯಿತು. ಕೋಟೆ ಸೂರೆ ಹೋದ ಮೇಲೆ ಊರ ಬಾಗಿಲು ಹಾಕಿದರು ಎಂಬ ಗಾದೆ ಇಂಥ ಸಂದರ್ಭಗಳಿಗಾಗಿಯೇ ಹುಟ್ಟಿರಬೇಕು. ಮೊದಲನೆಯ ಕಟ್ಟಡದ ಪಾಯ ತೋಡಿದ ದಿನವೇ ಒಬ್ಬ ಅಧಿಕಾರಿ ಹೋಗಿ ತಡೆದಿದ್ದರೆ ಒಬ್ಬನಿಗೆ ಒಂದು ಪಾಯದ ಖರ್ಚು ನಷ್ಟವಾಗುತ್ತಿತ್ತು. ತಡವಾಗಿ ಬಂದ ಕಟ್ಟಳೆ ಎಷ್ಟು ನ್ಯಾಯವಾಗಿದ್ದರೂ ಕ್ರೂರವಾಗಿ ಕಾಣುತ್ತದೆ. ಏಕೆಂದರೆ ಅಷ್ಟು ಕಾಲದ ಮೌನವನ್ನು ಜನರು ಅಪ್ಪಣೆಯೆಂದೇ ತಿಳಿದು ಬಾಳನ್ನು ಕಟ್ಟಿಕೊಂಡಿರುತ್ತಾರೆ.

ಈ ಎರಡು ಊರುಗಳ ಅನುಭವದಿಂದ ನಮಗೆ ತೋರುವ ವಿಚಾರಗಳು ಕೆಲವಿವೆ. ಕಟ್ಟಳೆ ಮನೆಯವನ ಭಾಷೆಯಲ್ಲಿ, ಕಾರಣಸಹಿತವಾಗಿ, ಅವನು ಗಾರೆಯವನನ್ನು ಕರೆಯುವುದಕ್ಕೆ ಮುಂಚೆಯೇ ಅವನ ಕೈ ಸೇರಬೇಕು. ತಪ್ಪನ್ನು ಮೊದಲ ದಿನವೇ ಕಂಡು ತಡೆಯುವಷ್ಟು ನೌಕರರು ಇರಬೇಕು. ಇಬ್ಬರು ಪರೀಕ್ಷಕರ ಸಂಬಳ ಒಂದು ದೊಡ್ಡ ಮೊಕದ್ದಮೆಯ ಖರ್ಚಿಗಿಂತ ಎಂದಿಗೂ ಕಡಮೆಯೇ. ಮಾಡಿನ ದೋಣಿಯನ್ನು ಸರಿಪಡಿಸಲು ಹಣವಿಲ್ಲದವರಿಗೆ ದಂಡದ ನೋಟೀಸಿನ ಬದಲು ಸಾಲವನ್ನೋ ಸಹಾಯವನ್ನೋ ಕೊಡಬೇಕು. ಊರಿನ ಸಂತೋಷಕ್ಕಾಗಿ ಒಬ್ಬಳು ಹಳೆಯ ಹೆಂಚನ್ನು ಉಳಿಸಿಕೊಳ್ಳುವುದಾದರೆ ಅದರ ವೆಚ್ಚದಲ್ಲಿ ಊರು ಪಾಲುಗೊಳ್ಳುವುದು ಧರ್ಮ. ಎಲ್ಲಕ್ಕಿಂತ ಮಿಗಿಲಾಗಿ, ಸರ್ಕಾರವೂ ಆ ಕಟ್ಟಳೆಗೆ ಒಳಪಡಬೇಕು. ನಾವು ನೋಡಿದ ಕಥೆಗಳಲ್ಲಿ ಒಂದು ಇಡೀ ಚೌಕವನ್ನು ಕೆಡವಿದ್ದು ನ್ಯಾಯಾಲಯದ ಕಟ್ಟಡ. ನದೀತೀರಕ್ಕೆ ಗಂಡಾಂತರ ತಂದದ್ದು ಹೆದ್ದಾರಿ. ಹಂಪೆಯನ್ನು ಅಪಾಯದ ಪಟ್ಟಿಗೆ ಸೇರಿಸಿದ್ದು ಸೇತುವೆ. ಇವುಗಳಲ್ಲಿ ಯಾವುದನ್ನೂ ಬೀದಿಯ ಬದಿಯ ಅಂಗಡಿಯವನು ಕಟ್ಟಲಿಲ್ಲ.

ಹಳೆಯದೆಲ್ಲ ಒಳ್ಳೆಯದೆಂದು ನಮ್ಮ ಅಭಿಪ್ರಾಯವಲ್ಲ. ಗಾಳಿ ಬೆಳಕಿಲ್ಲದ ಕತ್ತಲೆಯ ಕೋಣೆಯನ್ನು ಪುರಾತನವೆಂಬ ಕಾರಣದಿಂದ ಯಾರ ತಲೆಗೂ ಕಟ್ಟಕೂಡದು. ಹಳೆಯ ಕೇರಿ ಎಂದರೆ ಕಂಬ, ಬೋದಿಗೆ, ಜಗಲಿಗಳಷ್ಟೇ ಅಲ್ಲ. ಜಗಲಿಯ ಮೇಲೆ ಕುಳಿತಿರುವವರೂ ಸೇರಿಯೇ ಅದರ ಸಮಗ್ರ ಸ್ವರೂಪ. ಮುಂದೆ ನಮ್ಮ ಊರಿನ ಹಳೆಯ ಬೀದಿಯಲ್ಲಿ ಯಾವುದಾದರೊಂದು ಮನೆಯ ಗೋಡೆಯ ಮೇಲೆ ಅಧಿಕಾರಿಗಳು ಬಳಿದ ಕೆಂಪು ಗುರುತು ಕಂಡರೆ, ಆ ಗೋಡೆ ಎಷ್ಟು ಹಳೆಯದೆಂದು ಕೇಳುವುದರ ಜೊತೆಗೆ, ಆ ಮನೆಯವರಿಗೆ ಕಟ್ಟಳೆಯನ್ನು ಯಾರು, ಯಾವಾಗ ತಿಳಿಸಿದರೆಂಬುದನ್ನೂ ನಾವು ಕೇಳಬೇಕು.